ಕಾದರೆ ಇಳಿಯದು, ಸ್ಕ್ಯಾನಿಗೆ ಸಿಗದು

ಗಂಡು ಕೂಸಿನ ಬೀಜದ ಚೀಲ ಒಂದು ಬದಿ ಬರಿದಾಗಿದೆ ಎಂದು ಕುರೆಕುಪ್ಪದ ಯಾವ ಮನೆಯಲ್ಲಿ ಮಾತೆದ್ದರೂ ಎರಡು ಉತ್ತರ ಸಿದ್ಧವಾಗಿರುತ್ತವೆ. ಹಿರಿಯರದು: "ದೊಡ್ಡೋನಾದ್ರೆ ತಾನೇ ಇಳೀತೈತೆ ಬಿಡು." ಓದಿದವರದು: "ಮೊದಲು ಒಂದು ಸ್ಕ್ಯಾನ್ ಮಾಡಿಸಿ." ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿರುವ ಈ ಊರಿಂದ ಬಳ್ಳಾರಿಗೂ ಹೊಸಪೇಟೆಗೂ ಹೆಚ್ಚುಕಡಿಮೆ ಒಂದೇ ದೂರ, ಮೂವತ್ತರ ಆಸುಪಾಸು ಕಿಲೋಮೀಟರು. ಸ್ಕ್ಯಾನ್ ಮಾಡುವವರು ಎರಡು ಕಡೆಯೂ ಇದ್ದಾರೆ. ಹಾಗಾಗಿ ಎರಡನೆಯ ಸಲಹೆ ಮೊದಲನೆಯದಕ್ಕಿಂತ ವಿಜ್ಞಾನಕ್ಕೆ ಹತ್ತಿರವೆಂದು ಕಾಣುತ್ತದೆ. ನನ್ನ ತಕರಾರು ಎರಡರ ಮೇಲೂ ಇದೆ. ಅದಕ್ಕಿಂತ ದೊಡ್ಡ ತಕರಾರು ಮೂರನೆಯ ನಂಬಿಕೆಯೊಂದರ ಮೇಲೆ. ಅದು ವೈದ್ಯರದು, ವೈದ್ಯಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗುವಂಥದು: ವೃಷಣದ ಅಪರೂಪದ ಜನ್ಮದೋಷಗಳು ಆಪರೇಷನ್ ಮೇಜಿನ ಮೇಲೆ ಆಕಸ್ಮಿಕವಾಗಿಯೇ ಸಿಗುವಂಥವು, ಮೊದಲೇ ಹಿಡಿಯುವುದು ಕಷ್ಟ ಎಂಬುದು.

ಅಪರೂಪದ್ದೇ ಒಂದನ್ನು ತೆಗೆದುಕೊಳ್ಳೋಣ. ಎರಡೂ ವೃಷಣಗಳು ಒಂದೇ ಬದಿಗೆ ಇಳಿದುಬಿಡುವ ಸ್ಥಿತಿಯೊಂದಿದೆ. ವೈದ್ಯರ ಬಾಯಲ್ಲಿ ಅದು ಟ್ರಾನ್ಸ್‌ವರ್ಸ್ ಟೆಸ್ಟಿಕ್ಯುಲರ್ ಎಕ್ಟೋಪಿಯಾ. 1886ರಲ್ಲಿ ಫಾನ್ ಲೆನ್‌ಹೊಸೆಕ್ ಇದನ್ನು ಮೊದಲು ವರದಿ ಮಾಡಿದ. ಅಲ್ಲಿಂದ ಇಲ್ಲಿಯವರೆಗೆ ಜಗತ್ತಿನಾದ್ಯಂತ ದಾಖಲಾಗಿರುವುದು ಕೆಲವು ನೂರು ಪ್ರಕರಣಗಳಷ್ಟೇ. ಭ್ರೂಣದಲ್ಲಿ ವೃಷಣ ಹುಟ್ಟುವುದು ಮೂತ್ರಪಿಂಡದ ಹತ್ತಿರ, ಹೊಟ್ಟೆಯ ಹಿಂಬದಿಯಲ್ಲಿ. ಮೊದಲ ಹಂತದಲ್ಲಿ ಅದು ತೊಡೆಸಂದಿನ ಒಳಬಾಯಿಯವರೆಗೆ ಬರುತ್ತದೆ. ಏಳನೆಯ ತಿಂಗಳ ಹೊತ್ತಿಗೆ ಸಂದಿನ ಕಾಲುವೆ ದಾಟಿ ಚೀಲಕ್ಕೆ ಇಳಿಯುತ್ತದೆ. ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ. ಈ ಮಕ್ಕಳಲ್ಲಿ ಒಂದು ವೃಷಣ ದಾರಿ ಬಿಟ್ಟು ಎದುರು ಬದಿಯ ಕಾಲುವೆಯೊಳಗೇ ನುಗ್ಗಿರುತ್ತದೆ. ಯಾಕೆ ಎಂಬುದಕ್ಕೆ ಹಲವು ವಾದಗಳಿವೆ, ಒಮ್ಮತವಿಲ್ಲ. ಹೊರಗೆ ಕಾಣುವುದು ಮಾತ್ರ ಸಾಮಾನ್ಯವಾಗಿ ಒಂದೇ ಚಿತ್ರ: ಒಂದು ಬದಿಯ ತೊಡೆಸಂದಿನಲ್ಲಿ ಹರ್ನಿಯಾದ ಉಬ್ಬು, ಇನ್ನೊಂದು ಬದಿಯಲ್ಲಿ ಬರಿ ಚೀಲ.

ಈಗ ವರದಿಗಳು ಹೇಗೆ ಸಾಗುತ್ತವೆ ನೋಡಿ. ಮಗುವನ್ನು ಹರ್ನಿಯಾ ಎಂದು ಕರೆತಂದರು, ಕೊಯ್ದರು, ಒಂದೇ ಚೀಲದಲ್ಲಿ ಎರಡು ವೃಷಣ ಕಂಡು ಬೆರಗಾದರು, ಮತ್ತೆ ಕೊನೆಯಲ್ಲಿ "ಇಂಥ ಸ್ಥಿತಿಯ ಬಗ್ಗೆ ಶಸ್ತ್ರವೈದ್ಯರು ಎಚ್ಚರವಾಗಿರಬೇಕು" ಎಂಬ ಒಕ್ಕಣೆ. ಇಂಥ ಮಕ್ಕಳು ಆಸ್ಪತ್ರೆಗೆ ಬರುವ ಸರಾಸರಿ ವಯಸ್ಸು ನಾಲ್ಕು ವರ್ಷ. ಅಂದರೆ ನಾಲ್ಕು ವರ್ಷ ಆ ಬರಿ ಚೀಲ ಎಲ್ಲರ ಕಣ್ಣೆದುರಿಗಿತ್ತು. ಹೆರಿಗೆ ಮಾಡಿಸಿದವರು, ಪೋಲಿಯೊ ಹನಿ ಹಾಕಿದವರು, ತೂಕ ನೋಡಿದವರು, ಜ್ವರಕ್ಕೆ ಔಷಧಿ ಬರೆದವರು ಎಲ್ಲರೂ ಆ ಮಗುವನ್ನು ಮುಟ್ಟಿದ್ದರು. ಲಂಗೋಟಿ ಬಿಚ್ಚಿ ನೋಡಿದ್ದರೆ ಇದು ಆಕಸ್ಮಿಕವಾಗುತ್ತಲೇ ಇರಲಿಲ್ಲ. ತಡವಾಗಿ ನೋಡಿದ್ದಕ್ಕೆ ಆಕಸ್ಮಿಕ ಎಂದು ಹೆಸರಿಟ್ಟು, ಅದನ್ನೇ ಪ್ರಕಟಣೆಗೆ ಅರ್ಹತೆ ಮಾಡಿಕೊಂಡಿದ್ದೇವೆ ಎಂಬುದು ನನ್ನ ದೂರು. ಒಂದು ಬದಿ ಹರ್ನಿಯಾ, ಎದುರು ಬದಿ ಖಾಲಿ ಎಂಬ ಜೋಡಿ ಕಂಡಾಗ ಈ ಸಾಧ್ಯತೆಯನ್ನು ಯೋಚಿಸಲು ಯಾವ ಯಂತ್ರವೂ ಬೇಕಿಲ್ಲ.

ಇನ್ನು ಹಿರಿಯರ ಮಾತು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ವೈದ್ಯಶಾಸ್ತ್ರದ ಚರಿತ್ರೆಯನ್ನು ಓದಿಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಬಾಲಕ ಪ್ರಾಯಕ್ಕೆ ಬರುವವರೆಗೆ ಕಾಯಿರಿ ಎನ್ನುತ್ತಿದ್ದವರು ಪದವಿ ಪಡೆದ ವೈದ್ಯರೇ. ಆಮೇಲೆ ಅದು ಶಾಲೆಗೆ ಸೇರುವ ವಯಸ್ಸಿಗೆ ಇಳಿಯಿತು, ಆಮೇಲೆ ಎರಡು ವರ್ಷಕ್ಕೆ. ಶಾಸ್ತ್ರ ತನ್ನ ಮಾತು ಬದಲಿಸುತ್ತ ಹೋಯಿತು. ಹಳೆಯ ಮಾತನ್ನು ವಾಪಸು ಪಡೆಯುತ್ತಿದ್ದೇವೆಂದು ಊರಿಗೆ ಬಂದು ಯಾರೂ ಹೇಳಲಿಲ್ಲ. ಅಜ್ಜನಿಗೆ ಅವನ ಕಾಲದ ಡಾಕ್ಟರು ಹೇಳಿದ್ದನ್ನೇ ಅಜ್ಜ ಇವತ್ತು ಮೊಮ್ಮಗನಿಗೆ ಅನ್ವಯಿಸುತ್ತಿದ್ದಾನೆ. ಮಾತಿನಲ್ಲಿ ಅರ್ಧ ಸತ್ಯವೂ ಇದೆ. ತಿಂಗಳು ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ವೃಷಣ ಇಳಿದಿರುವುದಿಲ್ಲ. ದಿನ ತುಂಬದೆ ಹುಟ್ಟಿದವರಲ್ಲಿ ಈ ಪ್ರಮಾಣ ನೂರಕ್ಕೆ ಮೂವತ್ತರ ಹತ್ತಿರ. ಹುಟ್ಟಿದ ಒಂದರಿಂದ ಮೂರು ತಿಂಗಳಲ್ಲಿ ಗಂಡು ಕೂಸಿನ ಮೈಯಲ್ಲಿ ಟೆಸ್ಟೋಸ್ಟಿರೋನ್ ಒಮ್ಮೆ ಏರುತ್ತದೆ. ಆಗ ಅವುಗಳಲ್ಲಿ ಬಹುಪಾಲು ಇಳಿದುಬಿಡುತ್ತವೆ. ಒಂದು ವರ್ಷಕ್ಕೆ ಉಳಿಯುವುದು ನೂರಕ್ಕೆ ಒಬ್ಬನಷ್ಟೇ. ಆದರೆ ಆರು ತಿಂಗಳ ಹೊತ್ತಿಗೆ ಇಳಿಯದ್ದು ಆಮೇಲೆ ಇಳಿಯುವುದು ಬಲು ಅಪರೂಪ. ತಾನೇ ಇಳಿಯುವ ಗಡುವು ಅರ್ಧ ವರ್ಷದೊಳಗೆ ಮುಗಿಯುತ್ತದೆ, ಊರು ಹದಿನೈದು ವರ್ಷ ಕಾಯುತ್ತದೆ.

ಕಾದರೆ ಏನಾಗುತ್ತದೆ? ಚೀಲದ ಬಿಸಿ ಹೊಟ್ಟೆಯ ಬಿಸಿಗಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆ. ಆ ತಂಪು ಸಿಗದ ವೃಷಣದಲ್ಲಿ ವೀರ್ಯಾಣುಗಳ ಮೂಲಕೋಶಗಳು ಮೊದಲ ವರ್ಷ ಕಳೆಯುವ ಮುಂಚೆಯೇ ಕುಗ್ಗತೊಡಗುತ್ತವೆ. ಸ್ಟಾಕ್‌ಹೋಮಿನಲ್ಲಿ ಒಂದು ಬದಿ ಇಳಿಯದ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂಬತ್ತು ತಿಂಗಳಿಗೂ ಇನ್ನೊಂದಕ್ಕೆ ಮೂರು ವರ್ಷಕ್ಕೂ ಆಪರೇಷನ್ ಮಾಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬೇಗ ಇಳಿಸಿದ ವೃಷಣ ಚೆನ್ನಾಗಿ ಬೆಳೆಯಿತು, ತಡವಾದದ್ದು ಹಿಂದೆ ಬಿತ್ತು. ಅದೇ ವರ್ಷ ಸ್ವೀಡನ್ನಿನಿಂದಲೇ ಇನ್ನೊಂದು ಲೆಕ್ಕ ಬಂತು. ಸುಮಾರು 17 ಸಾವಿರ ಗಂಡಸರನ್ನು ಹಿಂಬಾಲಿಸಿ ನೋಡಿದಾಗ, ಹದಿಮೂರು ತುಂಬುವ ಮೊದಲು ಆಪರೇಷನ್ ಆದವರಿಗೆ ವೃಷಣದ ಕ್ಯಾನ್ಸರಿನ ಅಪಾಯ ಇತರರಿಗಿಂತ ಎರಡು ಪಟ್ಟಿಗೆ ತುಸು ಮೇಲಿತ್ತು. ಹದಿಮೂರರ ನಂತರ ಆದವರಿಗೆ ಐದು ಪಟ್ಟನ್ನೂ ದಾಟಿತ್ತು. ಆ ಕ್ಯಾನ್ಸರೇ ಅಪರೂಪದ್ದು, ಹಾಗಾಗಿ ಹೆದರಿ ಸಾಯಬೇಕಿಲ್ಲ. ಒಂದೇ ಬದಿ ಇಳಿಯದಿದ್ದವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿ ಮುಂದೆ ತಂದೆಯಾಗುತ್ತಾರೆ. "ಇನ್ನು ಇವನಿಗೆ ಮಕ್ಕಳಾಗೋದಿಲ್ಲ" ಎಂದು ಮನೆಯಲ್ಲಿ ಅಳುವುದೂ "ಏನೂ ಆಗೋದಿಲ್ಲ ಬಿಡು" ಎಂಬುದರಷ್ಟೇ ತಪ್ಪು.

ಅಮೆರಿಕದ ಮೂತ್ರಶಾಸ್ತ್ರಜ್ಞರ ಸಂಘ 2014ರಲ್ಲಿ ಹೊರಡಿಸಿದ ಸೂಚಿ ಹೇಳುವುದಿಷ್ಟು. ಆರು ತಿಂಗಳಿಗೆ ಇಳಿಯದಿದ್ದರೆ ಮಕ್ಕಳ ಶಸ್ತ್ರವೈದ್ಯರಲ್ಲಿಗೆ ಕಳಿಸಿ, ಹದಿನೆಂಟು ತಿಂಗಳೊಳಗೆ ಆಪರೇಷನ್ ಮುಗಿಸಿ, ಇಳಿಸಲೆಂದು ಹಾರ್ಮೋನ್ ಇಂಜೆಕ್ಷನ್ ಕೊಡಬೇಡಿ. ಓದಿದವರಿಗೆ ಅಚ್ಚರಿ ತರುವ ಇನ್ನೊಂದು ಮಾತೂ ಅದರಲ್ಲಿದೆ: ಕಳಿಸುವ ಮುನ್ನ ಸ್ಕ್ಯಾನ್ ಮಾಡಿಸಬೇಡಿ.

ಯಾಕೆ ಬೇಡ? ಕೈಗೆ ಸಿಗದ ವೃಷಣವನ್ನು ಅಲ್ಟ್ರಾಸೌಂಡ್ ಎಷ್ಟು ಹಿಡಿಯುತ್ತದೆ ಎಂಬ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2011ರಲ್ಲಿ ಲೆಕ್ಕ ಹಾಕಿದವರಿದ್ದಾರೆ. ಇರುವುದನ್ನು ಇದೆ ಎಂದದ್ದು ನೂರಕ್ಕೆ 45 ಸಲ ಮಾತ್ರ. ಅರ್ಧಕ್ಕಿಂತ ಹೆಚ್ಚು ಸಲ ವೃಷಣ ಒಳಗೇ ಇದ್ದರೂ ಸ್ಕ್ಯಾನಿಗೆ ಕಾಣಲಿಲ್ಲ. "ಕಾಣಿಸುತ್ತಿಲ್ಲ" ಎಂದು ಚೀಟಿ ಬಂದರೆ ಮನೆಯವರು "ಇಲ್ಲವೇ ಇಲ್ಲ" ಎಂದು ಓದಿಕೊಳ್ಳುತ್ತಾರೆ. ಇಲ್ಲದ್ದಕ್ಕೆ ಆಪರೇಷನ್ ಯಾಕೆ ಎಂದು ಸುಮ್ಮನಾಗುತ್ತಾರೆ. ಅದೇ ಮಗು ಇಪ್ಪತ್ತರ ವಯಸ್ಸಿನಲ್ಲಿ ಹೊಟ್ಟೆಯಲ್ಲಿ ಗಡ್ಡೆ ಹೊತ್ತು ಬರಬಹುದು. "ಕಾಣಿಸುತ್ತಿದೆ" ಎಂದು ಬಂದರೂ ಆಗಬೇಕಾದದ್ದು ಆಪರೇಷನ್ನೇ. ಚೀಟಿಯಲ್ಲಿ ಏನೇ ಬರೆದಿದ್ದರೂ ಮುಂದಿನ ಹೆಜ್ಜೆ ಬದಲಾಗುವುದಿಲ್ಲವಾದರೆ ಆ ದುಡ್ಡು, ಆ ದಿನದ ಕೂಲಿ, ಆ ಬಸ್ಸಿನ ಓಡಾಟ ಯಾಕೆ? ಕೈಗೆ ಸಿಗದ ವೃಷಣಕ್ಕೆ ಕೊನೆಯ ಉತ್ತರ ಕೊಡುವುದು ಲ್ಯಾಪರೋಸ್ಕೋಪಿ, ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ ದುರ್ಬೀನು ಇಳಿಸಿ ನೋಡುವ ವಿಧಾನ. 1976ರಿಂದ ಇದು ಈ ಕೆಲಸಕ್ಕೆ ಬಳಕೆಯಲ್ಲಿದೆ. ಅದರಲ್ಲಿ ನೋಡಿದ ಕೂಡಲೇ ಇಳಿಸುವ ಕೆಲಸವನ್ನೂ ಶುರು ಮಾಡಬಹುದು.

ಆದರೆ ಸ್ಕ್ಯಾನನ್ನು ಪೂರ್ತಿ ಬೈಯುವುದು ನ್ಯಾಯವಲ್ಲ. ಒಂದೇ ಬದಿಯಲ್ಲಿ ಎರಡು ಗಂಟು ಕೈಗೆ ಸಿಕ್ಕು, ಎದುರು ಬದಿ ಬರಿದಾಗಿದ್ದರೆ ಪಳಗಿದ ರೇಡಿಯಾಲಜಿಸ್ಟು ಆ ಎರಡು ವೃಷಣಗಳನ್ನೂ ಅವುಗಳ ಹಿಂದೆ ಅಡಗಿರಬಹುದಾದ ಮತ್ತೊಂದನ್ನೂ (ಅದೇನೆಂದು ಮುಂದೆ ಹೇಳುತ್ತೇನೆ) ತೋರಿಸಬಲ್ಲರು. ಅಂಥ ಸ್ಕ್ಯಾನಿಗೆ ಬೆಲೆ ಬರುವುದು ಚೀಟಿಯಲ್ಲಿ ಪ್ರಶ್ನೆ ಬರೆದಿದ್ದಾಗ. "ವೃಷಣ ಸ್ಕ್ಯಾನ್" ಎಂದಷ್ಟೇ ಗೀಚಿ ಕಳಿಸಿದರೆ ಅಲ್ಲಿಂದಲೂ ಗೀಚಿದ ಉತ್ತರವೇ ಬರುತ್ತದೆ. ಕೈ ಮೊದಲು, ಯಂತ್ರ ಆಮೇಲೆ.

ಆ ಕೈಗೂ ಒಂದು ಹದ ಬೇಕು. ಮಕ್ಕಳಲ್ಲಿ ವೃಷಣವನ್ನು ಮೇಲೆಳೆಯುವ ಸ್ನಾಯು ಬಲು ಚುರುಕು. ತಣ್ಣನೆಯ ಕೈ ತಾಗಿದರೆ, ಮಗು ಅತ್ತರೆ, ಇಳಿದಿದ್ದ ವೃಷಣವೂ ಮೇಲೋಡುತ್ತದೆ. ಹೀಗೆ ಓಡಾಡುವ ವೃಷಣವನ್ನು ಇಳಿಯದ್ದೆಂದು ತಿಳಿದು ಕೊಯ್ದದ್ದೂ ಉಂಟು. ಬೇಗ ಆಪರೇಷನ್ ಮಾಡಿಸಿ ಎನ್ನುವ ನನ್ನಂಥವರು ಇದನ್ನೂ ಹೇಳಲೇಬೇಕು. ಬಿಸುಪಿನಲ್ಲಿ ಆ ಸ್ನಾಯು ಸಡಿಲವಾಗುತ್ತದೆ. ಹಾಗೆ ನೋಡಿದರೆ ಇದಕ್ಕೆ ಹೇಳಿಮಾಡಿಸಿದ ಜಾಗ ನಮ್ಮ ಬಚ್ಚಲು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹಾಕುವ ಅಜ್ಜಿಗೆ ಸಿಗುವಷ್ಟು ಒಳ್ಳೆಯ ಅವಕಾಶ ಯಾವ ಹೊರರೋಗಿ ವಿಭಾಗದಲ್ಲೂ ಸಿಗದು. ನೀರು ಹಾಕುವಾಗಲೂ ಒಂದು ಬದಿ ಯಾವತ್ತೂ ಕೈಗೆ ಸಿಗುವುದಿಲ್ಲ ಎಂದು ಆಕೆ ಹೇಳಿದರೆ ಅದು ಸಾಕ್ಷ್ಯ. ದೊಡ್ಡ ಮಗುವಾದರೆ ಕುಕ್ಕರಗಾಲಿನಲ್ಲಿ ಕೂರಿಸಿ ನೋಡಬಹುದು. ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಮೊದಲ 42 ದಿನಗಳಲ್ಲಿ ಆರೇಳು ಸಲ ಹೋಗಿಬರುತ್ತಾರೆ. ತೂಕ, ಹೊಕ್ಕುಳು, ಹಾಲು ಕುಡಿಯುವುದನ್ನು ಕೇಳುವಾಗ ಈ ಒಂದು ಪ್ರಶ್ನೆಯನ್ನೂ ಅಜ್ಜಿಗೆ ಕೇಳಬಹುದು.

ಕೇಳುತ್ತಿಲ್ಲವಾದರೆ ಅದು ಅವರ ತಪ್ಪಲ್ಲ, ಅವರ ಕೈಗೆ ಕೊಟ್ಟ ಪಟ್ಟಿಯದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಡುಕಬೇಕೆಂದು ಹೆಸರಿಸಿದ ಜನ್ಮದೋಷಗಳು ಒಂಬತ್ತು: ಬೆನ್ನುಹುರಿಯ ದೋಷ, ಡೌನ್ ಸಿಂಡ್ರೋಮ್, ಸೀಳುತುಟಿ, ತಿರುಚುಪಾದ, ಸೊಂಟದ ಕೀಲಿನ ದೋಷ, ಹುಟ್ಟುಪೊರೆ, ಹುಟ್ಟುಕಿವುಡು, ಹೃದಯದ ದೋಷ, ದಿನ ತುಂಬದ ಕೂಸುಗಳ ಅಕ್ಷಿಪಟಲದ ತೊಂದರೆ. ಎಲ್ಲವೂ ಬೇಕಾದವೇ. ಆದರೆ ನೂರು ಗಂಡುಮಕ್ಕಳಲ್ಲಿ ಒಬ್ಬನಿಗೆ ಒಂದು ವರ್ಷವಾದ ಮೇಲೂ ಉಳಿಯುವ, ಆಪರೇಷನ್‌ನಿಂದ ಸರಿಹೋಗುವ ದೋಷಕ್ಕೆ ಆ ಒಂಬತ್ತರಲ್ಲಿ ಜಾಗವಿಲ್ಲ. ಸಂಚಾರಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ಮಗು ಅಂಗನವಾಡಿಯಲ್ಲಿ ಕೂರುವ ವಯಸ್ಸಿಗೆ ಹದಿನೆಂಟು ತಿಂಗಳ ಗಡುವು ದಾಟಿರುತ್ತದೆ. ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಚುಚ್ಚುಮದ್ದಿಗೆ ಹೆಚ್ಚುಕಡಿಮೆ ಎಲ್ಲರೂ ಬರುತ್ತಾರೆ. ಚುಚ್ಚುವ ಮುನ್ನ ಅರ್ಧ ನಿಮಿಷದ ಪರೀಕ್ಷೆ, ತಾಯಿ ಕಾರ್ಡಿನಲ್ಲಿ "ಬಲ, ಎಡ" ಎಂದು ಎರಡು ಗುರುತು. ಇದಕ್ಕಿಂತ ಅಗ್ಗದ ತಪಾಸಣೆ ನನಗೆ ತೋಚುತ್ತಿಲ್ಲ.

(ಸಂಡೂರಿನ ಅದಿರಿನ ದೂಳಿಗೆ, ಕಾರ್ಖಾನೆಯ ಹೊಗೆಗೆ ಈ ದೋಷವನ್ನೂ ಅಂಟಿಸುವವರಿದ್ದಾರೆ. ದೂಳಿನ ಮೇಲೆ ಬೇರೆ ನೂರು ದೂರುಗಳಿರಲಿ. ಇದಕ್ಕೆ ಗಟ್ಟಿಯಾಗಿ ಗೊತ್ತಿರುವ ಅಪಾಯಗಳೆಂದರೆ ದಿನ ತುಂಬದ ಹೆರಿಗೆ ಮತ್ತು ಕಡಿಮೆ ತೂಕ.)

ಕಾಯಲೇಬಾರದ ಒಂದು ಸಂದರ್ಭವಂತೂ ಇದೆ, ಅಲ್ಲಿ ಆರು ತಿಂಗಳ ರಿಯಾಯಿತಿಯೂ ಇಲ್ಲ. ಆಗತಾನೇ ಹುಟ್ಟಿದ, ನೋಡಲು ಗಂಡಿನಂತಿರುವ ಕೂಸಿನಲ್ಲಿ ಎರಡೂ ಬದಿ ವೃಷಣ ಸಿಗದಿದ್ದರೆ ಅದು ಹೆಣ್ಣುಮಗುವೇ ಆಗಿರಬಹುದು. ಅಡ್ರಿನಲ್ ಗ್ರಂಥಿಯ ಒಂದು ಹುಟ್ಟುದೋಷದಲ್ಲಿ ಗಂಡು ಹಾರ್ಮೋನು ಅತಿಯಾಗಿ ಸುರಿದು ಹೆಣ್ಣುಮಗುವಿನ ಹೊರ ಅಂಗ ಗಂಡಿನದರಂತೆ ಬೆಳೆದಿರುತ್ತದೆ. ಇಂಥ ಮಕ್ಕಳಲ್ಲಿ ಅನೇಕರಿಗೆ ಎರಡನೆಯ ಮೂರನೆಯ ವಾರದ ಹೊತ್ತಿಗೆ ಮೈಯ ಉಪ್ಪು ಸೋರಿಹೋಗುತ್ತದೆ. ವಾಂತಿ, ಹಾಲು ಬಿಡುವುದು, ಮೈ ತಣ್ಣಗಾಗುವುದು, ಕೊನೆಗೆ ಸಾವು. ಮನೆಯವರು ದೃಷ್ಟಿ ಎಂದುಕೊಳ್ಳುತ್ತಾರೆ, ಕೆಲವು ಸಲ ಚೀಟಿ ಬರೆಯುವವರು ವಾಂತಿಭೇದಿ ಎಂದುಕೊಳ್ಳುತ್ತಾರೆ. 17-ಹೈಡ್ರಾಕ್ಸಿ ಪ್ರೊಜೆಸ್ಟಿರೋನ್ ಎಂಬ ರಕ್ತಪರೀಕ್ಷೆ ಮತ್ತು ಹೈಡ್ರೋಕಾರ್ಟಿಸೋನ್ ಎಂಬ ಹಳೆಯ, ದುಬಾರಿಯಲ್ಲದ ಔಷಧಿ ಆ ಮಗುವನ್ನು ಬದುಕಿಸುತ್ತವೆ. ಅಪರೂಪದ್ದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಎನ್ನುವವರಿಗೆ ನನ್ನ ಉತ್ತರ ಇದೇ.

ಅಪರೂಪ ಎಂಬುದೂ ಎಲ್ಲ ಊರಿಗೂ ಒಂದೇ ಅಳತೆಯದ್ದಲ್ಲ. ಅಡ್ರಿನಲ್ಲಿನ ಈ ದೋಷ ತಂದೆತಾಯಿ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಅಕ್ಕನ ಮಗಳನ್ನು ತಂದುಕೊಳ್ಳುವ, ಸೋದರತ್ತೆಯ ಮಗನಿಗೆ ಕೊಡುವ ರೂಢಿ ನಮ್ಮ ಸೀಮೆಯಲ್ಲಿ ಇನ್ನೂ ಗಟ್ಟಿಯಾಗಿದೆ. ಒಂದೇ ಮನೆತನದ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಅಲ್ಲಿ ಹೆಚ್ಚು. ಮದುವೆಗಳನ್ನು ಬೈಯುತ್ತ ಕೂರುವುದರಿಂದ ಮಗುವಿಗೆ ಲಾಭವಿಲ್ಲ. "ನೀವಿಬ್ಬರೂ ಸಂಬಂಧದಲ್ಲೇ ಆದವರಾ?" ಎಂದು ಕೇಳಿ ಬರೆದುಕೊಳ್ಳುವುದರಿಂದ ಇದೆ. ಯುರೋಪಿನ ಪುಸ್ತಕ ಅಪರೂಪ ಎಂದದ್ದನ್ನು ಸಂಡೂರು, ಕಂಪ್ಲಿಯಲ್ಲಿ ಹಾಗೆಯೇ ಒಪ್ಪಿಕೊಳ್ಳುವ ಮೊದಲು ಈ ಪ್ರಶ್ನೆ ಕೇಳಬೇಕು.

ಒಂದೇ ಬದಿಗೆ ಇಳಿದ ಎರಡು ವೃಷಣಗಳ ಹಿಂದೆ ಅಡಗಿರಬಹುದಾದ ಮತ್ತೊಂದು ಎಂದೆನಲ್ಲ, ಅದಕ್ಕೂ ಇದೇ ನಂಟು. ಇಂಥ ಮಕ್ಕಳಲ್ಲಿ ಮೂರರಲ್ಲಿ ಒಬ್ಬನಿಗೆ ಹತ್ತಿರ ಹತ್ತಿರ, ಒಳಗೆ ಸಣ್ಣದೊಂದು ಗರ್ಭಕೋಶವೂ ನಾಳಗಳೂ ಇರುತ್ತವೆ. ಗರ್ಭದಲ್ಲಿ ಎಲ್ಲ ಭ್ರೂಣಗಳಲ್ಲೂ ಗರ್ಭಕೋಶವಾಗಬಲ್ಲ ನಾಳಗಳು ಮೊದಲು ಮೂಡುತ್ತವೆ. ಗಂಡಾದರೆ ವೃಷಣ ಸುರಿಸುವ ಎಎಂಎಚ್ ಎಂಬ ಹಾರ್ಮೋನು ಅವನ್ನು ಕರಗಿಸುತ್ತದೆ. ಆ ಹಾರ್ಮೋನಿನ ಅಥವಾ ಅದನ್ನು ಗುರುತಿಸುವ ಗ್ರಾಹಕದ ಜೀನು ಎರಡೂ ಕಡೆಯಿಂದ ಕೆಟ್ಟು ಬಂದಿದ್ದರೆ ನಾಳಗಳು ಕರಗದೆ ಉಳಿಯುತ್ತವೆ. ಮಗು ಗಂಡೇ: ಕ್ರೋಮೋಸೋಮು ಎಕ್ಸ್‌ವೈ, ಶಿಶ್ನ ಸಹಜ, ಮುಂದೆ ಮೀಸೆಯೂ ಬರುತ್ತದೆ. ಆದರೂ ಆಪರೇಷನ್ ಕೋಣೆಯಿಂದ "ಒಳಗೆ ಗರ್ಭಕೋಶ ಐತಂತೆ" ಎಂಬ ಮಾತು ಹೊರಬಿದ್ದರೆ ಅದು ಓಣಿಗೆ ತಲುಪಲು ಒಂದು ಸಂಜೆ ಸಾಕು. ಹುಲಿಗಿಯ ಹುಲಿಗೆಮ್ಮನ ಜಾತ್ರೆ ಕಂಡ ಜನಕ್ಕೆ ಗಂಡು-ಹೆಣ್ಣೆಂಬ ಎರಡೇ ಖಾನೆಯಲ್ಲಿ ಬದುಕು ಹಿಡಿಸುವುದಿಲ್ಲ ಎಂಬುದು ಗೊತ್ತು. ಮರಿಯಮ್ಮನಹಳ್ಳಿಯ ಲಿಂಗಾಂತರಿ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಈ ಸೀಮೆಯೇ ಹಿಗ್ಗಿತು. ಆದರೆ ಅದು ಒಬ್ಬರು ತಾವು ಯಾರೆಂದು ತಾವೇ ಕಂಡುಕೊಂಡ ಮಾತು. ಇಲ್ಲಿರುವುದು ಕರಗದೆ ಉಳಿದ ಒಂದು ಚೂರು ಅಂಗಾಂಶ. ಎರಡನ್ನೂ ಬೆರೆಸುವುದು ಇಬ್ಬರಿಗೂ ಅವಮಾನ.

ಇದಕ್ಕೆ ಚಿಕಿತ್ಸೆ ಏನೆಂಬಲ್ಲಿ ಇನ್ನೊಂದು ರೂಢಿಯ ಮಾತನ್ನು ಎದುರಿಸಬೇಕು: ಬೇಡದ ಅಂಗ, ಹೊಟ್ಟೆ ತೆರೆದಾಗಲೇ ತೆಗೆದುಬಿಡಿ. ವೀರ್ಯನಾಳ ಆ ಗರ್ಭಕೋಶದ ಗೋಡೆಗೆ ಅಂಟಿಕೊಂಡೇ ಸಾಗುತ್ತದೆ. ಅವಸರದಲ್ಲಿ ಕತ್ತರಿಸಿದರೆ ಅದೂ ಹೋಯಿತು, ವೃಷಣಕ್ಕೆ ರಕ್ತ ಒಯ್ಯುವ ನಾಳವೂ ಹೋಗಬಹುದು. ಹಿಂದಿನವರು ಇದೇ ಕಾರಣಕ್ಕೆ ಅದನ್ನು ಮುಟ್ಟದೆ ಬಿಡುತ್ತಿದ್ದರು. ಆಮೇಲೆ ಉಳಿದ ಅಂಗದಲ್ಲೇ ಕ್ಯಾನ್ಸರ್ ಕಂಡ ವರದಿಗಳು ಬಂದವು; ಈಗ ಕೆಲವರು ಎಚ್ಚರದಿಂದ ತೆಗೆಯಬೇಕೆನ್ನುತ್ತಾರೆ, ಕೆಲವರು ಒಳಪೊರೆಯನ್ನಷ್ಟೇ ಸುಲಿದು ಗೋಡೆಯನ್ನು ವೀರ್ಯನಾಳದೊಂದಿಗೆ ಉಳಿಸುತ್ತಾರೆ. ನನಗೆ ಎರಡನೆಯದು ಹೆಚ್ಚು ವಿವೇಕದ್ದೆನಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಹರ್ನಿಯಾ ಎಂದು ಸಹಿ ಮಾಡಿಸಿಕೊಂಡ ಮೇಜಿನ ಮೇಲೆ ಈ ತೀರ್ಮಾನ ಆಗಕೂಡದು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ತಂದೆ ಒಪ್ಪಿದ್ದು ಹರ್ನಿಯಾಕ್ಕೆ. ವೃಷಣಗಳಿಂದ ಚೂರು ಮಾದರಿ ತೆಗೆದುಕೊಂಡು, ಹರ್ನಿಯಾ ಸರಿಮಾಡಿ, ಹೊಲಿದು ಹೊರಬರಬಹುದು. ಕ್ರೋಮೋಸೋಮ್ ನೋಡಬಹುದು, ಎಎಂಎಚ್ ಅಳೆಯಬಹುದು. ಎಎಂಎಚ್ ಇಲ್ಲವೇ ಇಲ್ಲವೆಂದರೆ ದೋಷ ಹಾರ್ಮೋನಿನ ಜೀನಿನಲ್ಲಿ, ಸರಿಯಾಗಿ ಇದ್ದರೆ ಗ್ರಾಹಕದಲ್ಲಿ. ಗಂಡುಮಕ್ಕಳಲ್ಲಿ ಈ ಹಾರ್ಮೋನು ಪ್ರಾಯಕ್ಕೆ ಮುಂಚೆಯಷ್ಟೇ ಏರಿರುವುದರಿಂದ ಪರೀಕ್ಷೆಯ ಅರ್ಥವೂ ಅಲ್ಲಿಯವರೆಗೇ. ಆಮೇಲೆ ತಂದೆತಾಯಿಯನ್ನು ಕೂರಿಸಿಕೊಂಡು ಕನ್ನಡದಲ್ಲಿ ವಿವರಿಸಿ ಎರಡನೆಯ ಆಪರೇಷನ್ ಮಾಡಬಹುದು. ಎರಡೂ ವೀರ್ಯನಾಳಗಳು ಬೆಸೆದುಕೊಂಡಿದ್ದರೆ ಬಿಡಿಸಲು ಹೋಗದೆ, ಫ್ರಾನ್ಸಿನ ಓಂಬ್ರೆಡಾನ್ ತೋರಿಸಿದಂತೆ ಚೀಲದ ನಡುಗೋಡೆಯನ್ನು ಸೀಳಿ, ಒಂದು ವೃಷಣವನ್ನು ಆ ಕಿಂಡಿಯಿಂದ ಅದರ ಬದಿಗೆ ದಾಟಿಸಿ ಕೂರಿಸುತ್ತಾರೆ.

ಇದಕ್ಕೆಲ್ಲ ಮಕ್ಕಳ ಶಸ್ತ್ರವೈದ್ಯರು, ಮಕ್ಕಳಿಗೆ ಅರಿವಳಿಕೆ ಕೊಡಬಲ್ಲವರು, ಹಾರ್ಮೋನು ಬಲ್ಲವರು ಬೇಕು. ಜನ ಇವತ್ತಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ಆಸ್ಪತ್ರೆ ಮೊದಲ ಮೆಟ್ಟಿಲು. ತೊಡಕಿನದಾದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆಗೆ. ಬಿಪಿಎಲ್ ಕಾರ್ಡಿನವರಿಗೆ 2018ರಿಂದ ಇರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಆಸರೆಯುಂಟು, ಆದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಕೈಯಲ್ಲಿರಲಿ. ಎಲ್ಲ ಹರ್ನಿಯಾಕ್ಕೂ ಬೆಂಗಳೂರಿಗೆ ಓಡಿ ಎನ್ನುತ್ತಿಲ್ಲ. ಸಾಮಾನ್ಯ ಹರ್ನಿಯಾ ಹತ್ತಿರದಲ್ಲೇ ಮುಗಿಯುತ್ತದೆ. ಎದುರು ಬದಿ ಬರಿದಾಗಿರುವ ಹರ್ನಿಯಾವನ್ನು ಸಾಮಾನ್ಯವೆಂದು ಎಣಿಸಬಾರದು, ಅಷ್ಟೇ. ಚೀಲಕ್ಕಿಳಿಯದ ವೃಷಣ ತಿರುಚಿಕೊಂಡು ಸಂದಿನಲ್ಲಿ ನೋವು, ಬಾವು ಬಂದರೆ ಮಾತ್ರ ಯಾವ ಊರು ಎಂದು ನೋಡದೆ ಹತ್ತಿರದ ಶಸ್ತ್ರವೈದ್ಯರಲ್ಲಿಗೆ ಹೋಗಬೇಕು, ಅದು ಗಂಟೆಗಳ ಲೆಕ್ಕ.

ಎಲ್ಲ ಮುಗಿದ ಮೇಲೆ ಕೈಗೆ ಬರುವ ಡಿಸ್ಚಾರ್ಜ್ ಚೀಟಿಯಲ್ಲಿ ಏನಿರಬೇಕು ಎಂಬುದನ್ನು ಯಾರೂ ಚರ್ಚಿಸುವುದಿಲ್ಲ. "ಹರ್ನಿಯಾ ಆಪರೇಷನ್ ಆಯಿತು" ಎಂಬ ಒಂದು ಸಾಲಿನ ಚೀಟಿ ಇಂಥ ಮಗುವಿಗೆ ಮಾಡುವ ಅನ್ಯಾಯ. ಎರಡು ವೃಷಣಗಳು ಎಲ್ಲಿದ್ದವು, ಈಗ ಎಲ್ಲಿವೆ, ಒಳಗೆ ಏನು ಉಳಿಸಿದೆ, ಪ್ರಾಯಕ್ಕೆ ಬಂದ ಮೇಲೆ ಹುಡುಗ ತಿಂಗಳಿಗೊಮ್ಮೆ ತಾನೇ ಮುಟ್ಟಿ ನೋಡಿಕೊಂಡು ಗಂಟು ಕಂಡರೆ ಎಲ್ಲಿಗೆ ಬರಬೇಕು, ಇವೆಲ್ಲ ಮನೆಯವರು ಓದಬಲ್ಲ ಕನ್ನಡದಲ್ಲಿ ಇರಬೇಕು. ಒಳಗೆ ಗರ್ಭಕೋಶ ಉಳಿದಿದ್ದ ಮಗುವಾದರೆ ಜೊತೆಗೆ ಇನ್ನೊಂದು ಸಾಲು: ಈ ದೋಷ ವಂಶದ್ದು, ಇವನ ಅಣ್ಣತಮ್ಮಂದಿರಲ್ಲಿ ಪ್ರತಿಯೊಬ್ಬನಿಗೂ ನಾಲ್ಕರಲ್ಲಿ ಒಂದು ಸಂಭವವಿದೆ, ಅವರನ್ನೂ ಕರೆತನ್ನಿ. ಆ ಸಾಲು ಬರೆಯದೆ ಬಿಟ್ಟರೆ ಅದೇ ಮನೆಯಲ್ಲಿ ಎರಡು ತಿಂಗಳ ತಮ್ಮನೊಬ್ಬ ಇದ್ದರೂ ಅವನನ್ನು ಯಾರೂ ನೋಡುವುದಿಲ್ಲ. ನಾಲ್ಕು ವರ್ಷದ ಮೇಲೆ ಅವನೂ ಹರ್ನಿಯಾ ಎಂದು ಬರುತ್ತಾನೆ, ಮತ್ತೊಂದು ವೈದ್ಯಪತ್ರಿಕೆಯಲ್ಲಿ ಮತ್ತೊಂದು ಆಕಸ್ಮಿಕ ಅಚ್ಚಾಗುತ್ತದೆ.